ಸಿಟ್‌ಔಟ್ ಕಲ್ಲುಹಾಸಿನ ಮೇಲೆ ಮಳೆನೀರು ನಿಲ್ಲುತ್ತೆ, ಅಡುಗೆಮನೆ ಗೋಡೆಗೆ ತೇವ – ನೀರು ಎಲ್ಲಿಗೆ ಹರಿಸೋದು?

ಹಿತ್ತಲಬಾಗಿಲು:
ಊರು ತುಮಕೂರು, 40×60 ಸೈಟು. ಮನೆ ಹಿಂದೆ 15 ಅಡಿ ಉದ್ದ, 12 ಅಡಿ ಅಗಲದ ಸಿಟ್‌ಔಟ್, 2×2 ಅಡಿಯ ಸಾದರಹಳ್ಳಿ ಕಲ್ಲು ಹಾಸಿದೆ. ಅದರಾಚೆ 15×12 ಅಡಿ ಕೆಮ್ಮಣ್ಣಿನ ತೋಟ, ಆಮೇಲೆ ಕಾಂಪೌಂಡ್. ಕರಿಬೇವು, ಪಪ್ಪಾಯಿ, ಒಂದಿಷ್ಟು ದಾಸವಾಳ ಇದೆ. ಜೋರು ಮಳೆ ಬಂದರೆ ಅಡುಗೆಮನೆ ಬಾಗಿಲ ಮುಂದೆ ಒಂದಿಂಚು ನೀರು ನಿಲ್ಲುತ್ತೆ. ಮಳೆ ನಿಂತ ಮೇಲೂ ಮೂರ್ನಾಲ್ಕು ಗಂಟೆ ಹೋಗಲ್ಲ. ಒಳಗಡೆ ಗೋಡೆ ಬುಡದಲ್ಲಿ ಬಣ್ಣ ಎದ್ದು ಬರುತ್ತಿದೆ. ತಾರಸಿಯ ಒಂದು ಪೈಪು ಕೂಡ ಇದೇ ಕಲ್ಲಿನ ಮೇಲೆ ಬೀಳುತ್ತೆ. ಮೇಸ್ತ್ರಿ ಹೇಳೋದು: ನಡುವೆ ಒಂದು ನಹಾನಿ ಟ್ರ್ಯಾಪ್ (ಬಚ್ಚಲಲ್ಲಿ ಇರೋ ಥರದ ಜಾಲರಿ ಬಾಯಿ) ಇಟ್ಟು ಯುಜಿಡಿ (ಊರಿನ ಒಳಚರಂಡಿ) ಚೇಂಬರಿಗೆ ಸೇರಿಸಿಬಿಡೋಣ, ಒಂದು ದಿನದ ಕೆಲಸ. ಇದು ಸರಿನಾ? ಹಸ್ತ, ಚಿತ್ತೆ ಮಳೆ ಬರೋದರೊಳಗೆ ಮುಗಿಸಬೇಕು.

ನಲ್ಲಿಕೆಲಸ:
ಯುಜಿಡಿಗೆ ಬೇಡವೇ ಬೇಡ ಮೇಡಂ. ಆ ಪೈಪಿನ ಅಳತೆ ಮನೆಯ ಕೊಳಚೆ ನೀರಿಗೆ ಮಾತ್ರ ಲೆಕ್ಕ ಹಾಕಿರೋದು. ಬೀದಿಯ ಎಲ್ಲರೂ ಮಳೆನೀರು ಬಿಟ್ಟರೆ ಮ್ಯಾನ್‌ಹೋಲ್ ಉಕ್ಕುತ್ತೆ. ನಿಮ್ಮ ಸಿಟ್‌ಔಟ್ ರಸ್ತೆಗಿಂತ ತಗ್ಗಿನಲ್ಲಿದ್ದರೆ ಅದೇ ಟ್ರ್ಯಾಪಿನಿಂದ ಕೊಳಚೆ ನಿಮ್ಮ ಅಡುಗೆಮನೆ ಬಾಗಿಲಿಗೇ ವಾಪಸ್ ಬರುತ್ತೆ.

ಗಾರೆಮಟ್ಟ:
ನಡುವೆ ತೂತು ಹಾಕಿಸಬೇಡಿ. ನೀರು ತೂತು ಹುಡುಕಿಕೊಂಡು ಹೋಗಲ್ಲ, ವಾಟ (ಇಳಿಜಾರು) ಇರೋ ಕಡೆ ಹೋಗುತ್ತೆ. ನಡುವಿನ ಟ್ರ್ಯಾಪಿಗೆ ನೀರು ಬರಬೇಕಾದರೆ ನಾಲ್ಕೂ ಕಡೆಯಿಂದ ವಾಟ ಬೇಕು. 2×2ರ ಗಟ್ಟಿ ಕಲ್ಲನ್ನು ಎರಡು ದಿಕ್ಕಿಗೆ ಬಾಗಿಸೋಕೆ ಆಗಲ್ಲ, ಮೂಲೆಯಿಂದ ಮೂಲೆಗೆ ಕೊಯ್ದು ಕೂರಿಸಬೇಕು. ಹಾಗೆ ಮಾಡದೆ ಒಂದು ಕಲ್ಲು ಎತ್ತಿ ಟ್ರ್ಯಾಪ್ ಇಟ್ಟರೆ, ಅದರ ಪಕ್ಕದಲ್ಲೇ ನೀರು ನಿಂತಿರುತ್ತೆ.

ಏನನ್ನೂ ಒಡೆಯೋ ಮೊದಲು ಅಳತೆ ಮಾಡಿ. ಬೆರಳು ದಪ್ಪದ, ಒಳಗೆ ಕಾಣೋ ಪ್ಲಾಸ್ಟಿಕ್ ಕೊಳವೆ 30 ಅಡಿ ತಗೊಳ್ಳಿ. ಒಂದು ತುದಿಯನ್ನು ಬಕೆಟ್ ನೀರಲ್ಲಿ ಮುಳುಗಿಸಿ ಇನ್ನೊಂದು ತುದಿಯಿಂದ ಎಳೆದು ತುಂಬಿಸಿ. ಒಳಗೆ ಒಂದು ಗುಳ್ಳೆ ಉಳಿದರೂ ಲೆಕ್ಕ ತಪ್ಪುತ್ತೆ. ಒಬ್ಬರು ಒಂದು ತುದಿಯನ್ನು ಬಾಗಿಲ ಪಕ್ಕದ ಗೋಡೆಗೆ ಹಿಡಿದು ನೀರಿನ ಗೆರೆಯನ್ನು ಪೆನ್ಸಿಲಿನಲ್ಲಿ ಗುರುತು ಮಾಡಲಿ. ಇನ್ನೊಬ್ಬರು ಇನ್ನೊಂದು ತುದಿಯನ್ನು ಅಳತೆಪಟ್ಟಿಗೆ ಕಟ್ಟಿ, ಕಲ್ಲಿನ ಮೇಲೆ ಒಂಬತ್ತು ಜಾಗದಲ್ಲಿ ನಿಲ್ಲಿಸಿ: ಗೋಡೆ ಪಕ್ಕ ಮೂರು, ನಡುವೆ ಮೂರು, ತೋಟದ ಅಂಚಲ್ಲಿ ಮೂರು. ಪ್ರತಿ ಸಲವೂ ಗೋಡೆಯ ನೀರು ಅದೇ ಪೆನ್ಸಿಲ್ ಗೆರೆಗೆ ಬರಬೇಕು, ಆಮೇಲೆ ಕಲ್ಲಿನಿಂದ ನೀರಿನ ಎತ್ತರ ಓದಿ. ಅಂಕಿ ಹೆಚ್ಚು ಬಂದ ಜಾಗ ತಗ್ಗು. ಒಂಬತ್ತು ಅಂಕಿ, ಜೊತೆಗೆ ಕಲ್ಲಿನಿಂದ ಹೊಸಿಲಿಗೆ ಎಷ್ಟು ಇಂಚು ಅಂತ ಇಲ್ಲಿ ಹಾಕಿ.

ಮಳೆಲೆಕ್ಕ:
ನೀರಿನ ಪ್ರಮಾಣ ಹೇಳ್ತೀನಿ, ಯೋಜನೆಗೆ ಬೇಕಾಗುತ್ತೆ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಅಂದರೆ 1 ಲೀಟರ್. ನಿಮ್ಮ ಸಿಟ್‌ಔಟ್ 180 ಚದರ ಅಡಿ, ಅಂದರೆ 16.7 ಚದರ ಮೀಟರ್. ಗಂಟೆಗೆ 50 ಮಿ.ಮೀ. ರಭಸದಲ್ಲಿ ಬಿದ್ದರೆ 835 ಲೀಟರ್, ಮಿನಿಟಿಗೆ 14 ಲೀಟರ್. ಅಡುಗೆಮನೆ ನಲ್ಲಿ ಪೂರ್ತಿ ತಿರುಗಿಸಿದರೆ ಬರೋದಕ್ಕಿಂತ ತುಸು ಹೆಚ್ಚು, ಅಷ್ಟೆ.

ಈಗ ತಾರಸಿ ನೋಡಿ. ಆ ಪೈಪಿಗೆ 600 ಚದರ ಅಡಿ ತಾರಸಿಯ ನೀರು ಬರುತ್ತೆ ಅಂದುಕೊಂಡರೂ ಅದೇ ಮಳೆಗೆ ಸುಮಾರು 2,800 ಲೀಟರ್. ಅಂದರೆ ನಿಮ್ಮ ಕಲ್ಲಿನ ಮೇಲೆ ನಿಲ್ಲೋ ನೀರಲ್ಲಿ ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚು ಮೇಲಿಂದ ಬಂದದ್ದು. ಮೊದಲು ಆ ಪೈಪಿಗೆ ದಾರಿ ಮಾಡಿ. ಶುದ್ಧವಾದ ನೀರು ಅದು. ಫಿಲ್ಟರ್ ಹಾಕಿ ಸಂಪಿಗೋ ಡ್ರಮ್ಮಿಗೋ ಬಿಡಿ, ತುಂಬಿ ಮಿಕ್ಕದ್ದನ್ನು ಮುಚ್ಚಿದ ಪೈಪಿನಲ್ಲಿ ರಸ್ತೆ ಚರಂಡಿಗೆ ಒಯ್ಯಿರಿ. ಕಲ್ಲಿನ ಮೇಲೆ ಮಾತ್ರ ಬೀಳಬಾರದು. ವಾಟ ಎಷ್ಟೇ ಚೆನ್ನಾಗಿ ಕೊಟ್ಟರೂ ಒಂದೇ ಜಾಗಕ್ಕೆ ಧೋ ಅಂತ ಬೀಳೋ ನೀರು ಗೋಡೆಗೆ ಎರಚೋದು ತಪ್ಪಲ್ಲ.

ಹಿತ್ತಲಬಾಗಿಲು:
ಅಳತೆ ಆಯ್ತು. ಗೋಡೆ ಪಕ್ಕದ ಮೂರೂ ಜಾಗ ತೋಟದ ಅಂಚಿಗಿಂತ ಮುಕ್ಕಾಲು ಇಂಚು ತಗ್ಗು. ನಡುವಿನದು ಅಂಚಿಗೆ ಹೆಚ್ಚುಕಮ್ಮಿ ಸಮ. ಕಲ್ಲಿನಿಂದ ಹೊಸಿಲಿಗೆ 4 ಇಂಚು. ತೋಟದ ಮಣ್ಣು ಕಲ್ಲಿಗಿಂತ ಒಂದೂವರೆ ಇಂಚು ಎತ್ತರ ಇದೆ, ಪ್ರತಿವರ್ಷ ಕೆಮ್ಮಣ್ಣು ಗೊಬ್ಬರ ಹಾಕಿದ್ದು. ಕಲ್ಲಿನ ಮೇಲೆಯೇ ಸಿಮೆಂಟು ಎಳೆದು ವಾಟ ಕೊಟ್ಟರೆ ಆಗುತ್ತಾ? ಕಲ್ಲು ಕೀಳೋದು ತಪ್ಪುತ್ತೆ.

ಗಾರೆಮಟ್ಟ:
ಆಗಲ್ಲ. ಲೆಕ್ಕ ನೀವೇ ನೋಡಿ. ಒರಟು ಮೈಯ ಕಲ್ಲಿಗೆ ಹತ್ತು ಅಡಿಗೆ ಎರಡು ಇಂಚು ವಾಟ ಬೇಕು, 12 ಅಡಿಗೆ ಸುಮಾರು ಎರಡೂವರೆ. ಈಗ ಉಲ್ಟಾ ಮುಕ್ಕಾಲು ಇಂಚು ಇದೆ. ಒಟ್ಟು ಮೂರೂಕಾಲು ಇಂಚು ತಿದ್ದಬೇಕು. ಅಷ್ಟನ್ನು ಗೋಡೆ ಪಕ್ಕ ಏರಿಸಿದರೆ ಹೊಸಿಲಿಗೆ ಮುಕ್ಕಾಲು ಇಂಚು ಉಳಿಯುತ್ತೆ. ಹನಿ ನೆಲಕ್ಕೆ ಬಿದ್ದು ಎರಚೋ ಎತ್ತರ ಲೆಕ್ಕಕ್ಕೆ ತಗೊಂಡರೆ ಹೊಸಿಲಿಗೂ ತೇವ ತಡೆಯೋ ಪಟ್ಟಿಗೂ ಹೊರನೆಲ 6 ಇಂಚು ಕೆಳಗಿರಬೇಕು. ನಿಮ್ಮಲ್ಲಿ ಈಗಾಗಲೇ ಎರಡು ಇಂಚು ಕಡಿಮೆ. ಇನ್ನೊಂದು ತುದಿಯಲ್ಲಿ ಸಿಮೆಂಟು ಸೊನ್ನೆಗೆ ಇಳಿಯುತ್ತೆ. ಒಂದೂವರೆ ಇಂಚಿಗಿಂತ ತೆಳುವಾದ ಗಾರೆ ಹಳೇ ಕಲ್ಲಿಗೆ ಹಿಡಿಯಲ್ಲ, ಬಿಸಿಲಿಗೆ ಹಪ್ಪಳದ ಹಾಗೆ ಏಳುತ್ತೆ.

ಹಾಗಾಗಿ ಗೋಡೆ ಕಡೆ ಏರಿಸೋದಲ್ಲ, ತೋಟದ ಕಡೆ ಇಳಿಸಬೇಕು. ಕಲ್ಲು ಎತ್ತಲೇಬೇಕು. 45 ಕಲ್ಲು, ಇಬ್ಬರು ಒಂದು ದಿನದಲ್ಲಿ ಎತ್ತುತ್ತಾರೆ.

ಗೋಡೆ ಪಕ್ಕ ಯಾಕೆ ಕುಸಿಯಿತು ಅನ್ನೋದು ಮುಖ್ಯ. ಪಾಯ ತೋಡಿದಾಗ ಗೋಡೆಗುಂಟ ಎರಡು ಮೂರು ಅಡಿ ಅಗಲ ಹೆಚ್ಚುವರಿ ಮಣ್ಣು ತೆಗೆದಿರುತ್ತಾರೆ. ಆಮೇಲೆ ಅದೇ ಮಣ್ಣು, ಇಟ್ಟಿಗೆ ಚೂರು, ಸಿಮೆಂಟು ಚೀಲ ಎಲ್ಲ ತಳ್ಳಿ ಮುಚ್ಚುತ್ತಾರೆ, ದಮ್ಮಸ್ಸು ಮಾಡಲ್ಲ, ಅಂದರೆ ಬಡಿದು ಗಟ್ಟಿ ಮಾಡಲ್ಲ. ಮಳೆಗಾಲ ಕಳೆದಂತೆ ಅದು ಕುಗ್ಗುತ್ತೆ, ಕಲ್ಲು ಮನೆ ಕಡೆ ವಾಲುತ್ತೆ. ಈ ಪಟ್ಟಿ ಸರಿ ಮಾಡದೆ ಕಲ್ಲು ಮತ್ತೆ ಕೂರಿಸಿದರೆ ಮತ್ತೆ ವಾಲುತ್ತೆ.

ಕೆಲಸ ಹೀಗೆ ಸಾಗಲಿ. ಕಲ್ಲಿಗೆ ಸೀಮೆಸುಣ್ಣದಲ್ಲಿ ಸಾಲು, ನಂಬರು ಬರೆದು ತೋಟದ ಅಂಚಿಂದ ಹಾರೆಯಲ್ಲಿ ಎಬ್ಬಿಸಿ. ಗೋಡೆಗುಂಟ ಎರಡೂವರೆ ಅಡಿ ಅಗಲ, ಒಂದೂವರೆ ಅಡಿ ಆಳ ತೋಡಿ. ಚೀಲ, ಮರದ ತುಂಡು, ಕಪ್ಪು ಕೆಸರು ಸಿಕ್ಕರೆ ಪೂರ್ತಿ ತೆಗೀರಿ. ಗೋಡೆ ತೆರೆದಿರುವಾಗಲೇ ಬುಡ ತೊಳೆದು, ವಾಟರ್‌ಪ್ರೂಫ್ ಪುಡಿ ಬೆರೆಸಿದ 1:3 ಗಾರೆ (ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು) ಅರ್ಧ ಇಂಚು ಬಳಿದು, ಒಣಗಿದ ಮೇಲೆ ಟಾರು ಬಣ್ಣ ಎರಡು ಕೈ ಕೊಡಿ. ಆ ಜಾಗ ಮತ್ತೆ ತೆರೆಯೋದಿಲ್ಲ. ಆಮೇಲೆ ಗರಸು (ಸಣ್ಣ ಕಲ್ಲು ಬೆರೆತ ಮಣ್ಣು) ತುಂಬಿ, ಒಂದೊಂದು ಪದರ 6 ಇಂಚು ಮೀರದ ಹಾಗೆ, ನೀರು ಚಿಮುಕಿಸಿ ದಮ್ಮಸ್ಸು. ಪೂರ್ತಿ ಒಂದೂವರೆ ಅಡಿ ಒಂದೇ ಸಲ ತುಂಬಿ ಮೇಲೆ ಬಡಿದರೆ ಕೆಳಗಿನ ಅಡಿ ಪೊಳ್ಳಾಗೇ ಉಳಿಯುತ್ತೆ. 12 ಎಂಎಂ ಸರಳನ್ನು ಕೈಯಲ್ಲಿ ಒತ್ತಿದರೆ ಒಂದಿಂಚಿಗಿಂತ ಹೆಚ್ಚು ಇಳಿಯಬಾರದು.

ಉಳಿದ ಭಾಗವನ್ನು ತೋಟದ ಕಡೆಗೆ ಇಳಿಯುವಂತೆ ಕೆತ್ತಿ, 3 ಇಂಚು 1:4:8 (ಸಿಮೆಂಟು, ಮರಳು, ಜಲ್ಲಿ) ಕಾಂಕ್ರೀಟು, 40 ಎಂಎಂ ಜಲ್ಲಿ. ವಾಟವನ್ನು ಇಲ್ಲೇ ಕೊಡಿ, ಮೇಲಿನ ಗಾರೆಯಲ್ಲಲ್ಲ. ಕಾಂಕ್ರೀಟು ಮಟ್ಟಸವಾಗಿದ್ದು ಗಾರೆ ಒಂದು ಕಡೆ ಒಂದು ಇಂಚು, ಇನ್ನೊಂದು ಕಡೆ ನಾಲ್ಕು ಇಂಚು ಆದರೆ ದಪ್ಪ ಇರೋ ಕಡೆ ಕುಗ್ಗಿ ಸಂದು ಬಿಡುತ್ತೆ.

ವಾಟ ನೋಡೋಕೆ ಒಂದು ಸಲಕರಣೆ: 5 ಅಡಿ ನೇರ ಮಟ್ಟಗೋಲಿನ ಒಂದು ತುದಿಯ ಅಡಿಗೆ ಒಂದಿಂಚು ದಪ್ಪದ ಮರದ ತುಂಡು ಕಟ್ಟಿ. ತುಂಡು ತೋಟದ ಕಡೆ ಬರಲಿ. ಮೇಲೆ ರಸಮಟ್ಟ ಇಟ್ಟಾಗ ಗುಳ್ಳೆ ನಡುವೆ ನಿಂತರೆ 60ಕ್ಕೆ 1 ವಾಟ ಸರಿಯಾಗಿದೆ. ಪ್ರತಿ ಸಾಲಿಗೂ ಇದನ್ನು ಇಟ್ಟು ನೋಡಿ. ದಾರ ಕಟ್ಟಿದರೆ ಸಾಕು ಅನ್ನಬೇಡಿ, ದಾರ ನಡುವೆ ಜೋತುಬೀಳುತ್ತೆ.

ಕಲ್ಲಿನ ಅಡಿಗೆ 1:6 ಗಾರೆ ಒಂದೂವರೆ ಇಂಚು, ಪೂರ್ತಿ ಹಾಸು. ನಾಲ್ಕು ಮೂಲೆಗೆ ನಾಲ್ಕು ಉಂಡೆ ಇಟ್ಟು ಕೂರಿಸೋ ಅಭ್ಯಾಸ ಇದೆ, ಒಪ್ಪಬೇಡಿ. ಕೂರಿಸಿದ ಮೇಲೆ ಬಡಿದು ಕೇಳಿ; ಟೊಳ್ಳು ಶಬ್ದ ಬಂದರೆ ಎತ್ತಿ ಮತ್ತೆ ಕೂರಿಸಿ. ಸಂದು 6ರಿಂದ 8 ಎಂಎಂ ಬಿಟ್ಟು 1:3 ಗಾರೆ ತುಂಬಿ ಒತ್ತಿ. ಏಳು ದಿನ ಗೋಣಿಚೀಲ ಹೊದಿಸಿ ನೀರು.

ಹಿತ್ತಲಬಾಗಿಲು:
ತುಂಬಾ ಥ್ಯಾಂಕ್ಸ್ ಅಣ್ಣ. ಸಾಮಾನು ಎಷ್ಟು ತರಿಸಬೇಕು?

ಗಾರೆಮಟ್ಟ:
180 ಚದರ ಅಡಿಗೆ ಕಾಂಕ್ರೀಟು 45 ಘನ ಅಡಿ, ಗಾರೆ 22ರಿಂದ 23 ಘನ ಅಡಿ. ಸಂದಿಗೂ ಸೇರಿ ಸಿಮೆಂಟು 9 ಚೀಲ, ಎಂ ಸ್ಯಾಂಡ್ 50 ಘನ ಅಡಿ, 40 ಎಂಎಂ ಜಲ್ಲಿ 45 ಘನ ಅಡಿ. ಗೋಡೆಗುಂಟದ ಪಟ್ಟಿಗೆ ಗರಸು 56 ಘನ ಅಡಿ ಬರುತ್ತೆ, ದಮ್ಮಸ್ಸಿಗೆ ಕುಗ್ಗೋದರಿಂದ 70 ತರಿಸಿ. ಮಳೆನೀರು ಇಂಗಿಸೋ ಗುಂಡಿ ಮಾಡಿಸೋದಾದರೆ ಅದರ ಕಲ್ಲು ಬೇರೆ.

ಬಾಳೆಗಿಡ:
ತೋಟದ ಬಗ್ಗೆ ಒಂದು ಮಾತು. ಎಷ್ಟು ವಾಟ ಕೊಟ್ಟರೂ ಅಂಚಲ್ಲಿ ಮಣ್ಣು ಎತ್ತರ ಇದ್ದರೆ ನೀರು ಅಲ್ಲೇ ಕಟ್ಟೆ ಕಟ್ಟಿದ ಹಾಗೆ ನಿಲ್ಲುತ್ತೆ. ಹೊಸ ಕಲ್ಲಿನ ಅಂಚಿಗಿಂತ ಮಣ್ಣು ಕನಿಷ್ಠ 2 ಇಂಚು ಕೆಳಗಿರಬೇಕು. ಈಗಿರೋದರಿಂದ ಲೆಕ್ಕ ಹಾಕಿದರೆ ಸುಮಾರು ಆರು ಏಳು ಇಂಚು ಮಣ್ಣು ತೆಗೀಬೇಕಾಗುತ್ತೆ. ಮೇಲಿನ ಗೊಬ್ಬರದ ಮಣ್ಣು ಎಸೀಬೇಡಿ, ಕಾಂಪೌಂಡ್ ಕಡೆ ದಿಬ್ಬ ಮಾಡಿ ಕರಿಬೇವು, ಪಪ್ಪಾಯಿ ಅಲ್ಲಿಗೆ. ಪಪ್ಪಾಯಿ ಬುಡದಲ್ಲಿ ಎರಡು ದಿನ ನೀರು ನಿಂತರೆ ಬೇರು ಕೊಳೆತು ಗಿಡ ಹೋಗುತ್ತೆ. ದೊಡ್ಡ ಪಪ್ಪಾಯಿ ಕಿತ್ತು ನೆಟ್ಟರೆ ಬದುಕೋದು ಕಷ್ಟ, ದಿಬ್ಬದ ಮೇಲೆ ಹೊಸ ಸಸಿ ಇಡಿ.

ಕಲ್ಲಿನಂಚಿಗೂ ದಿಬ್ಬಕ್ಕೂ ನಡುವೆ ತಟ್ಟೆಯ ಹಾಗೆ 6 ಇಂಚು ಆಳದ, 30 ಚದರ ಅಡಿಯ ಪಾತಿ ಮಾಡಿದರೆ 400 ಲೀಟರ್ ಮೇಲೆ ನೀರು ಹಿಡಿಯುತ್ತೆ. ಅಲ್ಲಿ ಕಾಬಾಳೆ, ಕೆಸುವು, ಲಾವಂಚ ಚೆನ್ನಾಗಿ ಬರುತ್ತೆ. ನೀರು ನಿಂತರೂ ಸರಿ, ಆಮೇಲೆ ತಿಂಗಳು ಮಳೆ ಇಲ್ಲದಿದ್ದರೂ ಲಾವಂಚ ಸಾಯಲ್ಲ. ನಮ್ಮ ಕಡೆಯ ಕೆಮ್ಮಣ್ಣಿಗೆ ಒಂದು ಗುಣ ಇದೆ: ಬರಿ ನೆಲಕ್ಕೆ ಜೋರು ಹನಿ ಬಿದ್ದರೆ ಮೇಲ್ಮೈ ಹೆಪ್ಪುಗಟ್ಟಿ ಒಣಗಿದ ಮೇಲೆ ಚಕ್ಕೆ ಏಳುತ್ತೆ, ಮುಂದಿನ ಮಳೆಯ ನೀರು ಒಳಗೆ ಇಳಿಯಲ್ಲ. ಪಾತಿಗೆ ಒಣ ಎಲೆ ಅಥವಾ ಹುಲ್ಲು ಎರಡು ಇಂಚು ಹೊದಿಸಿರಿ.

ನಲ್ಲಿಕೆಲಸ:
ಪಾತಿ ಒಳ್ಳೇದೇ. ಆದರೆ ಹಿಂಗಾರಿನಲ್ಲಿ ಮೂರು ದಿನ ಬಿಡದೆ ಸುರಿದಾಗ ಮೊದಲ ದಿನವೇ ತುಂಬಿರುತ್ತೆ. ಅದರ ಉಕ್ಕು ನೀರಿಗೆ ಇಂಗುಗುಂಡಿ ಬೇಕು.

ಮೊದಲು ಮಣ್ಣು ಪರೀಕ್ಷೆ. ಗುಂಡಿ ಬರೋ ಜಾಗದಲ್ಲಿ ಒಂದಡಿ ಚೌಕ, ಮೂರಡಿ ಆಳ ತೋಡಿ. ತಳದಿಂದ ಒಂದಡಿ ನೀರು ತುಂಬಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಮತ್ತೆ ಒಂದಡಿ ತುಂಬಿಸಿ, ಗಂಟೆಗೆ ಎಷ್ಟು ಇಂಚು ಇಳಿಯಿತು ಅಂತ ಕಡ್ಡಿಯಲ್ಲಿ ಅಳೆಯಿರಿ. ಮೊದಲ ದಿನದ ಅಳತೆ ನಂಬಬೇಡಿ, ಒಣ ಮಣ್ಣು ಸುಮ್ಮನೆ ಹೀರಿರುತ್ತೆ. ಗಂಟೆಗೆ ಒಂದಿಂಚಿಗಿಂತ ಕಡಿಮೆ ಇಳಿದರೆ ಇಂಗುಗುಂಡಿ ಅಲ್ಲಿ ಕೆಲಸ ಮಾಡಲ್ಲ, ಪೈಪಿನಲ್ಲಿ ಹೊರಗೇ ಒಯ್ಯಬೇಕು.

ಹಿತ್ತಲಬಾಗಿಲು:
ತೋಡಿದೆವು. ಎರಡಡಿ ಕೆಮ್ಮಣ್ಣು, ಅದರ ಕೆಳಗೆ ಗರಸು. ಎರಡನೇ ದಿನ ಮೊದಲ ಗಂಟೆಗೆ 5 ಇಂಚು ಇಳಿಯಿತು. ಮೂರು ಗಂಟೆಯಲ್ಲಿ ಪೂರ್ತಿ ಖಾಲಿ.

ನಲ್ಲಿಕೆಲಸ:
ಬಹಳ ಚೆನ್ನಾಗಿದೆ. ಗುಂಡಿ 4×4 ಅಡಿ, 6 ಅಡಿ ಆಳ. ಸಿಟ್‌ಔಟ್ ಅಂಚಿಂದ ನಾಲ್ಕಡಿ ಆಚೆ, ಕಾಂಪೌಂಡಿನಿಂದ ನಾಲ್ಕಡಿ ಈಚೆ. ಮನೆ ಪಾಯಕ್ಕೆ 16 ಅಡಿ ದೂರ ಸಿಗುತ್ತೆ, 10ಕ್ಕಿಂತ ಕಡಿಮೆ ಆಗಬಾರದು. ಸಂಪು ಹತ್ತಿರ ಇದ್ದರೆ ಅದಕ್ಕೂ ಅಷ್ಟೇ ದೂರ. ಪಕ್ಕದ ಮನೆಯವರ ಸಂಪು, ಪಾಯ ಕಾಂಪೌಂಡಿಗೆ ಅಂಟಿಕೊಂಡಿದೆಯಾ ಅಂತಲೂ ಕೇಳಿ ನೋಡಿ.

ತಳದಿಂದ ಮೂರೂವರೆ ಅಡಿ ಆರೇಳು ಇಂಚಿನ ಕಾಡುಗಲ್ಲು, ಅದರ ಮೇಲೆ ಒಂದಡಿ 40 ಎಂಎಂ ಜಲ್ಲಿ. ಪೈಪು ಈ ಜಲ್ಲಿಯೊಳಗೆ ಬಂದು ಸೇರಲಿ. ಜಲ್ಲಿ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಟ್ಟು ಮಣ್ಣು ತಡೆಯೋದು) ಹಾಸಿ, ಅಂಚು ಒಂದಡಿ ಗೋಡೆಗುಂಟ ಮೇಲಕ್ಕೆ ಮಡಚಿ, ಒಂದೂವರೆ ಅಡಿ ಮಣ್ಣು ಮುಚ್ಚಿ. ಹಸಿರು ನೆರಳುಬಲೆ ಹಾಕಬೇಡಿ, ಕೆಮ್ಮಣ್ಣಿನ ಜಿಗುಟು ಅದರ ತೂತಲ್ಲಿ ಸಲೀಸಾಗಿ ಇಳಿದು ಜಲ್ಲಿ ಕಟ್ಟಿಕೊಳ್ಳುತ್ತೆ. ಕಲ್ಲು ತುಂಬಿದ 72 ಘನ ಅಡಿಯಲ್ಲಿ ಸಂದು ಜಾಗ ನೂರಕ್ಕೆ ಸುಮಾರು 40 ಪಾಲು, ಅಂದರೆ 800 ಲೀಟರ್. ಮಳೆಲೆಕ್ಕ ಅವರು ಹೇಳಿದ ಒಂದು ಗಂಟೆಯ ನೀರಿಗೆ ಸರಿಹೋಗುತ್ತೆ, ಪಾತಿ ಹಿಡಿಯೋದು ಅದರ ಮೇಲಿನ ಲಾಭ.

ಗುಂಡಿ ಕೆಡೋದು ಯಾವಾಗಲೂ ಹೂಳಿನಿಂದ. ಅದಕ್ಕೆ ಮುಂಚೆ ಒಂದು ಹೂಳು ಚೇಂಬರ್ ಕಡ್ಡಾಯ: ಒಳಗೆ ಒಂದೂವರೆ ಅಡಿ ಚೌಕ, ಎರಡಡಿ ಆಳ, ಹೊರಹೋಗೋ ಪೈಪು ತಳದಿಂದ 9 ಇಂಚು ಮೇಲೆ. ತಳದ 9 ಇಂಚಲ್ಲಿ ಮಣ್ಣು ಕೂರುತ್ತೆ. ಪೈಪಿನ ಬಾಯಿಗೆ T ಆಕಾರದ ಜೋಡಣೆ ಹಾಕಿ, ಅದರ ಕೆಳಗಿನ ಬಾಯಿ ನೀರೊಳಗೆ ಮುಳುಗಿರೋ ಹಾಗೆ ಇಟ್ಟರೆ ತೇಲೋ ಎಲೆ ಪೈಪಿಗೆ ಹೋಗಲ್ಲ. ಪೈಪು 110 ಎಂಎಂ ಪಿವಿಸಿ, ಹತ್ತಡಿಗೆ ಒಂದೂವರೆ ಇಂಚು ಇಳಿಜಾರು. ನಾಲ್ಕಿಂಚು ಪೈಪು ಮಿನಿಟಿಗೆ 200 ಲೀಟರಿಗಿಂತ ಹೆಚ್ಚು ಒಯ್ಯುತ್ತೆ, ನಿಮಗೆ ಬೇಕಾದ್ದು 14. ಆದರೂ ಎರಡಿಂಚು ಪೈಪು ಹಾಕಬೇಡಿ. ಎಲೆ ಸಿಕ್ಕಿಕೊಂಡರೆ ಕೈಯೂ ಹೋಗಲ್ಲ, ಬಿದಿರು ದಬ್ಬೆಯೂ ತಿರುಗಲ್ಲ. ಪ್ರತಿ ಸಂದಿಗೂ ಸಲ್ಯೂಷನ್ (ಪೈಪಿನ ಅಂಟು) ಹಚ್ಚಿ. ಒಣ ಜೋಡಣೆ ಬಿಟ್ಟರೆ ತೆಂಗಿನ ಬೇರು, ನುಗ್ಗೆ ಬೇರು ಕೂದಲಿನ ಗಂಟಿನ ಹಾಗೆ ಒಳಗೆ ತುಂಬಿಕೊಳ್ಳುತ್ತೆ.

ತಿಪಟೂರುಕಾಯಿ:
ಕಲ್ಲಿನ ಬದಲು ಕಾಯಿ ಸುಲಿದ ಸಿಪ್ಪೆ ತುಂಬಬಹುದಾ? ನಮ್ಮ ಕಡೆ ರಾಶಿ ಬಿದ್ದಿರುತ್ತೆ.

ಬಾಳೆಗಿಡ:
ಗುಂಡಿಗೆ ಬೇಡ. ಸಿಪ್ಪೆ ನೀರನ್ನು ಹಿಡಿದಿಟ್ಟುಕೊಳ್ಳುತ್ತೆ, ಬಿಡಲ್ಲ. ಕೆಲವು ವರ್ಷಕ್ಕೆ ಕೊಳೆತು ಮೇಲಿನ ಮಣ್ಣು ಕುಸಿಯುತ್ತೆ. ಅದೇ ಗುಣ ದಿಬ್ಬಕ್ಕೆ ವರ: ದಿಬ್ಬದ ಅಡಿಯಲ್ಲಿ ಒಂದಡಿ ಆಳದ ಸಾಲು ತೆಗೆದು ಸಿಪ್ಪೆಯ ಒಳಮೈ ಮೇಲಾಗಿ ಎರಡು ಪದರ ಜೋಡಿಸಿ ಮಣ್ಣು ಮುಚ್ಚಿದರೆ ಬೇಸಿಗೆಯಲ್ಲಿ ಗಿಡಕ್ಕೆ ತಂಪು.

ಕೆಂಪುನೆಲ ಕೋಲಾರ:
ಇಲ್ಲಿ ಬಹಳ ಕಡೆ ಮೂರಡಿಗೇ ಬಂಡೆ. ಆರಡಿ ಗುಂಡಿ ಕನಸು. ಅಂಥ ಜಾಗಕ್ಕೆ ಏನು ಮಾಡೋದು? ಇನ್ನೊಂದು, ಮನೆ ಪಕ್ಕ ಬತ್ತಿದ ಬೋರ್‌ವೆಲ್ ಇದೆ, ಸಿಟ್‌ಔಟ್ ನೀರು ಅದಕ್ಕೇ ಬಿಡಿ ಅಂತ ಕೆಲವರು ಹೇಳ್ತಾರೆ.

ಮಳೆಲೆಕ್ಕ:
ಬೋರ್‌ವೆಲ್ ಕೇಸಿಂಗಿಗೆ ನೇರವಾಗಿ ಯಾವ ನೀರೂ ಬಿಡಬಾರದು. ಸಿಟ್‌ಔಟ್ ನೀರಂತೂ ಖಂಡಿತ ಇಲ್ಲ. ಅದರಲ್ಲಿ ಸೋಪು, ಹಕ್ಕಿ ಹಿಕ್ಕೆ, ತೋಟಕ್ಕೆ ಹೊಡೆದ ಔಷಧಿ ಎಲ್ಲ ಇರುತ್ತೆ. ಗಟ್ಟಿ ಬಂಡೆಯ ನೆಲದಲ್ಲಿ ನೀರು ಬಿರುಕುಗಳಲ್ಲಿ ಹರಿಯುತ್ತೆ, ಮರಳಿನಲ್ಲಿ ಸೋಸಿದ ಹಾಗೆ ಸೋಸಲ್ಲ. ನಿಮ್ಮ ಕೊಳೆ ಅಕ್ಕಪಕ್ಕದವರು ಕುಡಿಯೋ ಬೋರಿಗೆ ಹೋಗುತ್ತೆ. ತಾರಸಿ ನೀರನ್ನು ಸೋಸುಗುಂಡಿ ಮಾಡಿ ಇಂಗಿಸೋದು ಬೇರೆ ವಿಷಯ.

ಬಂಡೆ ಮೇಲಿದ್ದರೆ ಆಳದ ಬದಲು ಉದ್ದಕ್ಕೆ ಹೋಗಿ. ಸಿಟ್‌ಔಟ್ ಅಂಚಿಗೆ ಅಡ್ಡಲಾಗಿ ಒಂದಡಿ ಅಗಲ, ಒಂದೂವರೆ ಅಡಿ ಆಳದ ಜಲ್ಲಿ ಕಾಲುವೆ: 15 ಅಡಿ ಉದ್ದಕ್ಕೆ 250 ಲೀಟರ್ ಹಿಡಿಯುತ್ತೆ. ಅದರೊಳಗೆ ತೂತಿನ ಪೈಪು. ರೆಡಿ ಸಿಗದಿದ್ದರೆ 110 ಎಂಎಂ ಪೈಪಿಗೆ 4 ಇಂಚಿಗೊಂದರಂತೆ 10 ಎಂಎಂ ತೂತು ಎರಡು ಸಾಲು ಕೊರೆಯಿರಿ. ಗಡಿಯಾರದ 4 ಮತ್ತು 8ರ ಜಾಗದಲ್ಲಿ, ಅಂದರೆ ತೂತು ಕೆಳಮುಖ. ಮೇಲ್ಮುಖ ಇಟ್ಟರೆ ಮೊದಲು ಮಣ್ಣೇ ಒಳಗೆ ಬೀಳುತ್ತೆ. ಬಂಡೆ ಇಳಿಜಾರು ಯಾವ ಕಡೆ ಅಂತ ಸರಳು ಚುಚ್ಚಿ ನೋಡಿಕೊಳ್ಳಿ. ಮನೆ ಕಡೆ ಇಳಿದಿದ್ದರೆ ಇಂಗಿದ ನೀರು ಬಂಡೆ ಮೇಲೆ ಜಾರಿ ನಿಮ್ಮ ಪಾಯಕ್ಕೇ ಬರುತ್ತೆ, ಅಲ್ಲಿ ಹೊರಗೆ ಒಯ್ಯೋದೊಂದೇ ದಾರಿ. ಎರೆಮಣ್ಣಿಗೂ ಅಷ್ಟೆ: ನೆಂದಾಗ ಉಬ್ಬಿ ಒಣಗಿದಾಗ ಬಿರಿಯೋ ಮಣ್ಣು, ಗೋಡೆ ಹತ್ತಿರ ಇಂಗಿಸಬಾರದು.

ಹಿತ್ತಲಬಾಗಿಲು:
ನಮ್ಮದಕ್ಕೆ ಅಂಚಲ್ಲಿ ಕಾಲುವೆ ಬೇಕಾ, ಇಲ್ಲ ನೀರು ನೇರ ಪಾತಿಗೆ ಹೋಗಲಾ? ಸೊಳ್ಳೆ ಭಯವೂ ಇದೆ.

ಗಾರೆಮಟ್ಟ:
ನೇರ ಪಾತಿಗೆ. 15 ಅಡಿ ಅಂಚಿಡೀ ಹರಡಿ ಬೀಳಲಿ. ಅಂಚಿಗೆ ಒಂದಡಿ ಅಗಲ ಗುಂಡುಕಲ್ಲು ಹಾಸಿದರೆ ಮಣ್ಣು ಕೊರೆಯಲ್ಲ, ಕಲ್ಲಿನ ಮೇಲೆ ಕೆಸರು ಎರಚಲ್ಲ. ಹೂಳು ಚೇಂಬರಿನ ಬಾಯಿ ಪಾತಿ ತಳಕ್ಕಿಂತ 4 ಇಂಚು ಮೇಲೆ, ಕಲ್ಲಿನ ಅಂಚಿಗಿಂತ ಕನಿಷ್ಠ 3 ಇಂಚು ಕೆಳಗೆ. ಮೇಲೆ ಹೋದರೆ ನೀರು ಕಲ್ಲಿನ ಮೇಲೆ ವಾಪಸ್ ಬರುತ್ತೆ. ಇದೊಂದು ಅಳತೆಯನ್ನು ನೀವೇ ನಿಂತು ಕೊಳವೆ ಮಟ್ಟ ಹಿಡಿಸಿ ನೋಡಿ. ಮುಚ್ಚಳಕ್ಕೆ ಎರಡಿಂಚು ದಪ್ಪದ ಗ್ರಾನೈಟಿಗೆ ಅರ್ಧ ಇಂಚಿನ ಸೀಳು ಕೊಯ್ಸಿ, ಎತ್ತೋಕೆ ಎರಡು ಬೆರಳು ತೂತು.

ನಲ್ಲಿಕೆಲಸ:
ಸೊಳ್ಳೆಗೆ: ಮೊಟ್ಟೆಯಿಂದ ರೆಕ್ಕೆ ಬರೋಕೆ ಒಂದು ವಾರ ಹತ್ತು ದಿನ ಬೇಕು. ಪಾತಿಯಲ್ಲಿ ಒಂದೇ ದಿನದಲ್ಲಿ ಇಂಗುತ್ತೆ, ಅಲ್ಲಿ ಭಯ ಇಲ್ಲ. ಅಪಾಯ ಇರೋದು ಹೂಳು ಚೇಂಬರಿನ 9 ಇಂಚು ನೀರಲ್ಲಿ. ತಳಕ್ಕೆ ಕಾಂಕ್ರೀಟು ಹಾಕದೆ 20 ಎಂಎಂ ಜಲ್ಲಿ ನಾಲ್ಕಿಂಚು ಹಾಸಿ, ಗರಸಿನ ನೆಲ ಆದ್ದರಿಂದ ತಾನಾಗಿ ಇಂಗುತ್ತೆ. ಮುಚ್ಚಳದ ಅಡಿಗೆ ಸೊಳ್ಳೆಪರದೆಯ ಸ್ಟೀಲ್ ಬಲೆಯನ್ನು ಚೌಕಟ್ಟಿಗೆ ಹೊಡೆದು ಕೂರಿಸಿ. ಬರಿ ಮಳೆನೀರಿನ ದಾರಿಗೆ ನಹಾನಿ ಟ್ರ್ಯಾಪ್ ಬೇಕಿಲ್ಲ, ಅದರ ನೀರು ಬೇಸಿಗೆಯಲ್ಲಿ ಒಣಗಿರುತ್ತೆ, ಮಳೆಗಾಲದಲ್ಲಿ ಅಲ್ಲೇ ಸೊಳ್ಳೆ ಮರಿ ಮಾಡುತ್ತೆ.

ಬಲೆ ಇದ್ದಮೇಲೆ ಎಲೆ ಕಟ್ಟಿಕೊಳ್ಳೋದೂ ಇರುತ್ತೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಬಲೆ ಒರೆಸಿ. ಚೇಂಬರಿನ ಹೂಳು ಯುಗಾದಿ ಆದಮೇಲೆ ಒಮ್ಮೆ, ಉತ್ತರೆ ಮಳೆಗೆ ಮುಂಚೆ ಒಮ್ಮೆ ಬಾಂಡ್ಲಿಗೆ ತೆಗೆದು ದಿಬ್ಬಕ್ಕೆ ಹಾಕಿ. ಕೆಲಸ ಮುಗಿದ ಏಳನೇ ದಿನ ಗೋಣಿಚೀಲ ತೆಗೆದಾಗ ಹತ್ತು ಬಕೆಟ್ ನೀರು ಗೋಡೆ ಪಕ್ಕ ಸುರಿದು ನೋಡಿ. ಹತ್ತು ನಿಮಿಷ ಆದಮೇಲೂ ನೀರು ನಿಂತ ಕಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ, ಮೇಸ್ತ್ರಿ ಇರುವಾಗಲೇ ಆ ಕಲ್ಲನ್ನು ಎತ್ತಿಸಿ ಮತ್ತೆ ಕೂರಿಸಿಕೊಳ್ಳಿ.

ಹಿತ್ತಲಬಾಗಿಲು:
ಆಯ್ತು. ಸೋಮವಾರ ತಾರಸಿ ಪೈಪು ತಿರುಗಿಸ್ತೀವಿ, ಮಂಗಳವಾರದಿಂದ ಕಲ್ಲು ಎತ್ತೋದು. ಗೋಡೆ ಬುಡ ತೋಡಿದಾಗ ಏನು ಸಿಕ್ಕಿತು ಅಂತ ಫೋಟೋ ಹಾಕ್ತೀನಿ.

ಗಾರೆಮಟ್ಟ:
ಹಾಕಿ. ಒಳಗಡೆ ಗೋಡೆಗೆ ಈಗಲೇ ಬಣ್ಣ ಹೊಡೆಸಬೇಡಿ. ಎದ್ದಿರೋ ಪಟ್ಟಿ ಕೆರೆದು ಬಿಟ್ಟು, ಒಂದು ಬೇಸಿಗೆ ಪೂರ್ತಿ ಒಣಗಲಿ.